ಅತ್ತೆ ಕಲಿಸಿದ ಎರಡು ಪಾಲಿನ ಆಟ

ನನ್ನ ಹೆಂಡತಿಯ ತಾಯಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ಸಿಟ್ಟೂ ಇರಲಿಲ್ಲ, ಜಗಳವೂ ಇರಲಿಲ್ಲ. ಅಳಿಯನ ಎದುರು ಅತ್ತೆಯಾದವಳು ನಿಲ್ಲಬಾರದು, ನೇರವಾಗಿ ಮಾತಾಡಬಾರದು ಅನ್ನುವುದು ಹಳೆಯ ಪದ್ಧತಿ. ಹೊನ್ನೂರಿನ ಅವರ ಬೀದಿಯಲ್ಲಿ ಉಳಿದವರೆಲ್ಲ ಅದನ್ನು ಯಾವತ್ತೋ ಗಾಳಿಗೆ ತೂರಿದ್ದರು. ನಮ್ಮ ಅತ್ತೆ ಮಾತ್ರ ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ನಾನು ಪಡಸಾಲೆಗೆ ಬಂದರೆ ಅವರು ಅಡುಗೆಮನೆ ಬಾಗಿಲ ಮರೆಗೆ ಸರಿಯುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಸೀರೆಯ ಅಂಚು, ಕೈಬಳೆ, ಅಷ್ಟೇ.

ಹಾಗಿದ್ದೂ ನಾನು ಈ ಬದುಕಿನಲ್ಲಿ ಒಂದಿಷ್ಟು ಲಾಭ ಕಂಡಿದ್ದರೆ, ಕೋಪ ನುಂಗಿಕೊಳ್ಳುವುದನ್ನು ಒಂದಿಷ್ಟು ಕಲಿತಿದ್ದರೆ, ಅದು ಆ ಬಾಗಿಲ ಮರೆಯಿಂದ ಬಂದದ್ದು. ಅವರು ನನಗೆ ಕಲಿಸಿದ್ದು ಇಸ್ಪೀಟು. ಓದುವವರು ಮೂಗು ಮುರಿಯಬಹುದು, ಮುರಿಯಲಿ. ಕಲಿಸಿದವರಿಗೆ ತಮಗಾಗಿ ಬೇಕಿದ್ದದ್ದು ಒಂದೇ ಒಂದು. ಒಂದು ಸಲ, ಒಂದೇ ಸಲ, ಗಂಡಸರ ಜೊತೆ ಜಮಖಾನದ ಮೇಲೆ ಕೂತು ತನ್ನದೇ ಮೂರೆಲೆ ಕೈಗೆತ್ತಿಕೊಳ್ಳಬೇಕು. ಮದುವೆಯಾದ ಹೊಸದರಲ್ಲೇ ಹೆಂಡತಿ ಇದನ್ನು ನನಗೆ ಹೇಳಿ, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದಿದ್ದಳು.

ಆಟ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ನೆಂಟರಿಷ್ಟರಲ್ಲಿ ಅದಕ್ಕೆ ಬೀಗರಾಟ ಅನ್ನುತ್ತಿದ್ದರು. ಮದುವೆಯ ಮಾರನೇ ದಿನ ಬೀಗರೂಟ ಮುಗಿದು, ಎಲೆ ಅಡಿಕೆ ಹಾಕಿಕೊಂಡ ಮೇಲೆ, ಮಟಮಟ ಮಧ್ಯಾಹ್ನ ಎರಡೂ ಕಡೆಯ ಗಂಡಸರು ಜಮಖಾನ ಹಾಸಿ ಕೂರುತ್ತಿದ್ದರು. ಪಣಕ್ಕೆ ದುಡ್ಡಿಲ್ಲ, ತೆಂಗಿನಕಾಯಿ. ತಾಂಬೂಲದಲ್ಲಿ ಕೊಟ್ಟ ಕಾಯಿ. ಒಂದೊಂದು ಮನೆಯವರು ತಮಗೆ ಬಂದ ಕಾಯನ್ನೆಲ್ಲ ಒಂದು ಚೀಲಕ್ಕೆ ತುಂಬಿ ತಮ್ಮ ಕಡೆಯ ಆಟಗಾರನ ಪಕ್ಕ ಇಡುತ್ತಿದ್ದರು. ತಮ್ಮ ಕೈಗೇ ಕೊಟ್ಟ ತಾಂಬೂಲದ ಕಾಯಿ ಇಲ್ಲದವರು ಕೂರುವಂತಿಲ್ಲ. ಅಂಗಡಿಯಿಂದ ಕೊಂಡು ತಂದ ಕಾಯಿ ನಡೆಯುವುದಿಲ್ಲ.

ತಲೆಗೆ ಒಂದು ಕಾಯಿ ನಡುವೆ ಇಟ್ಟ ಮೇಲೆ ಮೂರು ಮೂರು ಎಲೆ ಹಂಚುತ್ತಾರೆ. ಎಲೆ ನೋಡಿ, ಆಡುವವರು ಸುತ್ತಿಗೊಂದರಂತೆ ಕಾಯಿ ಇಡುತ್ತ ಹೋಗಬೇಕು, ಬೇಕಾದವರು ಎರಡೂ ಇಡಬಹುದು. ಬೇಡದವರು ಪ್ಯಾಕ್ ಅಂದು ಎಲೆ ಮಗುಚುತ್ತಾರೆ. ಕೊನೆಗೆ ಉಳಿದವರು ಎಲೆ ತೋರಿಸಿದಾಗ ರಾಶಿಯ ಅರ್ಧ ದೊಡ್ಡ ಎಲೆಯವನಿಗೆ, ಇನ್ನರ್ಧ ಸಣ್ಣ ಎಲೆಯವನಿಗೆ. ದೊಡ್ಡದು ಅಂದರೆ ಮೂರೂ ಒಂದೇ ಆಗಿರುವುದು, ಅದರ ಕೆಳಗೆ ಸಾಲು, ಅದರ ಕೆಳಗೆ ಒಂದೇ ಕಲರ್, ಆಮೇಲೆ ಜೋಡಿ. ಸಣ್ಣದು ಅಂದರೆ ಜೋಡಿಯಿಲ್ಲದೆ, ಕೈಯಲ್ಲಿರುವುದರಲ್ಲಿ ದೊಡ್ಡ ಎಲೆ ಎಲ್ಲರದಕ್ಕಿಂತ ಚಿಕ್ಕದಾಗಿರುವುದು. ಎಕ್ಕ ಎರಡು ಕಡೆಗೂ ಸಲ್ಲುತ್ತದೆ, ರಾಜನಿಗಿಂತ ಮೇಲೂ ಹೌದು, ಎರಡಕ್ಕಿಂತ ಕೆಳಗೂ ಹೌದು. ಬೆಸ ಸಂಖ್ಯೆಯಲ್ಲಿ ಒಂದು ಕಾಯಿ ಉಳಿದರೆ ಅಲ್ಲೇ ಒಡೆದು ನೋಡುತ್ತ ನಿಂತವರಿಗೆ ಬೆಲ್ಲದ ಜೊತೆ ಹಂಚುವುದು.

ರಾಶಿಯನ್ನು ಹೀಗೆ ಎರಡು ಪಾಲು ಮಾಡಿದ್ದು ಯಾಕೆಂದರೆ, ಹಿಂದೊಮ್ಮೆ ಯಾರದೋ ಮದುವೆಯಲ್ಲಿ ಗಂಡಿನ ಕಡೆಯವರು ಕಾಯೆಲ್ಲ ಸೋತು, ಬರಿಗೈಯಲ್ಲಿ ಊರಿಗೆ ಹೋಗುವುದೆಂತು ಎಂದು ಮುನಿಸಿಕೊಂಡು, ಸೊಸೆಯನ್ನೇ ಬಿಟ್ಟು ಗಾಡಿ ಹತ್ತಿದ್ದರಂತೆ. ಅಂದಿನಿಂದ ಹಿರಿಯರು ಈ ಕಟ್ಟಲೆ ಮಾಡಿದರು. ಇಬ್ಬರಿಗೂ ಅರ್ಧರ್ಧ ಬಂದರೆ ಬೀಗತನ ಉಳಿಯುತ್ತದೆ ಎಂದು ಅವರ ಲೆಕ್ಕ. ಒಳ್ಳೆಯ ಮನಸ್ಸಿನಿಂದ ಮಾಡಿದ ಆ ಕಟ್ಟಲೆಯಲ್ಲಿ ಎಂಥ ಬೋನು ಇದೆಯೆಂದು ನನಗೆ ಗೊತ್ತಾದದ್ದು ನನ್ನ ಮದುವೆಯಲ್ಲೇ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಾಗ್ಯದವನು, ಹನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ಹೋಟೆಲು ಇಟ್ಟು ಆರು ತಿಂಗಳಾಗಿತ್ತು. ಮೂಗಿನ ತುದಿಯಲ್ಲೇ ಕೋಪ. ಹೊನ್ನೂರಿನ ಮನೆಯಂಗಳದ ಚಪ್ಪರದಡಿ ಹೊಸ ಅಳಿಯನನ್ನು ಗೌರವದಿಂದ ಕೂರಿಸಿದರು. ಕೈಗೆ ರಾಜ, ರಾಣಿ, ಒಂಬತ್ತು ಬಂದರೆ ಸಾಕು, ದೊಡ್ಡ ಎಲೆ ಬಂತೆಂದು ಎದೆ ಉಬ್ಬಿಸಿ ಕಾಯಿ ಇಟ್ಟೆ. ಯಾರೋ ಜೋಡಿ ತೋರಿಸಿ ಬಾಚಿಕೊಂಡರು. ಮುಂದಿನ ಆಟಕ್ಕೆ ಮೂರು, ಆರು, ಎಂಟು ಬಂತು. ಸಣ್ಣದಕ್ಕೆ ನಿಂತೆ. ಇನ್ಯಾರೋ ಐದರ ಕೈ ತೋರಿಸಿದರು. ಒಮ್ಮೊಮ್ಮೆ ಅರ್ಧ ಪಾಲು ಬರುತ್ತಿತ್ತು, ಬಂದಾಗಲೆಲ್ಲ ಗೆದ್ದೆನೆಂದು ಹಿಗ್ಗುತ್ತಿದ್ದೆ. ಆದರೂ ಚೀಲ ಕರಗುತ್ತಲೇ ಹೋಯಿತು. ಯಾಕೆಂದು ತಿಳಿಯಲಿಲ್ಲ, ತಿಳಿಯದ್ದಕ್ಕೇ ಇನ್ನಷ್ಟು ಕೋಪ ಬಂತು.

ಚೀಲ ಖಾಲಿಯಾದಾಗ ಪಕ್ಕದಲ್ಲಿದ್ದ ಇನ್ನೊಂದು ಗಂಟಿಗೆ ಕೈ ಹಾಕಿ ಸಿಕ್ಕಿದ ಕಾಯನ್ನು ರಾಶಿಗಿಟ್ಟೆ. ಜಮಖಾನದ ಸುತ್ತ ಕೂತವರೆಲ್ಲ ನನ್ನ ಕೈಯನ್ನೇ ನೋಡಿದರು. ಕಾಯಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಅದು ಹೆಂಡತಿಯ ಮಡಿಲಕ್ಕಿಯ ಗಂಟು. ಹೆತ್ತವರು ಮಗಳ ಮಡಿಲು ತುಂಬಿ ಕಳಿಸುವ ಕಾಯನ್ನು ನಾನು ಪಣಕ್ಕೆ ಇಟ್ಟಿದ್ದೆ. ಪಕ್ಕದವರು ಕೈ ಹಿಡಿದು ಕಾಯನ್ನು ಗಂಟಿಗೆ ಸೇರಿಸಿದರು. ಯಾರೋ ನಕ್ಕರು. ನಾನು ಎಲೆ ಎಸೆದು ಎದ್ದುಹೋಗಿ ಹಿತ್ತಲ ಬಾವಿಕಟ್ಟೆಯ ಮೇಲೆ ಕೂತೆ. ನಾಚಿಕೆಯೋ ಸಿಟ್ಟೋ, ಆಗ ನನಗೆ ಎರಡಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ.

ಹೊಸ ಹೆಂಡತಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ನೆಲ ನೋಡುತ್ತ, ಒಪ್ಪಿಸಿದ ಪಾಠ ಹೇಳುವವಳಂತೆ ಹೇಳಿದಳು: "ಅವ್ವ ಏಳುದ್ಲು. ನಡುಮಧ್ಯದ ಎಲೆ ಕಟ್ಕಂಡು ಕೂತ್ಕಬ್ಯಾಡಿ ಅಂತೆ. ಅರ್ಧಕ್ಕೆ ಆಡೋರು ಈ ಆಟದಲ್ಲಿ ಉಳಿಯಲ್ವಂತೆ."

ಮಡಿಲಕ್ಕಿಯ ಬಗ್ಗೆ ಒಂದು ಮಾತಿಲ್ಲ. ಆ ಹೆಂಗಸಿಗೆ ನೋವಾಗಿದ್ದೇ ನಾನು ಆಡಿದ ರೀತಿಗೆ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ, ಮನಸ್ಸು ತುಂಬಿಯೂ ಬರುತ್ತದೆ.

ಅತ್ತೆಗೆ ಆಟ ಹೇಗೆ ಬಂತು ಎಂದರೆ, ನಮ್ಮ ಮಾವನಿಂದ. ಕಲಿಸಿದ್ದಲ್ಲ, ಸೋತದ್ದು. ಮಾವ ಊರಿಗೆ ದೊಡ್ಡ ಮನುಷ್ಯ, ಗದ್ದೆ ತೋಟ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು, ಆದರೆ ಎಲೆ ಹಿಡಿದರೆ ಮಗುವಿಗಿಂತ ಕಡೆ. ಬಿಡುವಿದ್ದಾಗೆಲ್ಲ ಜಗಲಿಯ ಮೇಲೆ ಸ್ನೇಹಿತರನ್ನು ಸೇರಿಸಿಕೊಂಡು ಇದೇ ಆಟ ಆಡುತ್ತಿದ್ದರು. ಅಲ್ಲಿ ಪಣ ಸ್ವಂತ ತೋಟದ ಕಾಯಿ. ಒಳಗೆ ಕಿಟಕಿಯ ಕೆಳಗೆ ಅವರೆಕಾಯಿ ಸುಲಿಯುತ್ತ, ಅಕ್ಕಿ ಆರಿಸುತ್ತ ಕೂತ ಅತ್ತೆ ವರ್ಷಗಟ್ಟಲೆ ನೋಡಿದ್ದರು. ತಮ್ಮ ಮರದ ಕಾಯಿ ಯಾರ ಗಾಡಿಗೆ, ಯಾಕೆ ಹೋಗುತ್ತದೆ ಎಂದು ಅವರಿಗೆ ಲೆಕ್ಕ ಸಿಕ್ಕಿತು. ಹಳೆಯದಾಗಿ ಬಿಸಾಡಿದ ಒಂದು ಕಟ್ಟು ಎಲೆಯನ್ನು ಉಪ್ಪಿನ ಮಡಕೆಯ ಹಿಂದೆ ಇಟ್ಟುಕೊಂಡು, ಮನೆಯಲ್ಲಿ ಯಾರೂ ಇಲ್ಲದಾಗ ಆರು ಜನಕ್ಕೆ ಹಂಚಿ, ಆರು ಜನದ ಆಟವನ್ನೂ ತಾವೇ ಆಡುತ್ತಿದ್ದರಂತೆ.

ಮೊದಲ ದಸರಾಕ್ಕೆ ಮಾವನ ಮನೆಗೆ ಹೋದಾಗ ಪಾಠ ಶುರುವಾಯಿತು. ಮಾವ ಗದ್ದೆಗೆ ಹೋದ ಹೊತ್ತು. ನಾನು ಪಡಸಾಲೆಯಲ್ಲಿ, ಅತ್ತೆ ಅಡುಗೆಮನೆಯೊಳಗೆ, ಹೆಂಡತಿ ಹೊಸ್ತಿಲ ಮೇಲೆ. ಎಲೆಗಳನ್ನು ಹೊಸ್ತಿಲ ಪಕ್ಕ ಹರಡುತ್ತಿದ್ದೆ. ಒಳಗಿನಿಂದ ಮಾತು ಹೆಂಡತಿಗೆ ಬರುತ್ತಿತ್ತು, ನನಗೂ ಚೆನ್ನಾಗಿ ಕೇಳಿಸುತ್ತಿತ್ತು, ಆದರೂ ಅವಳು ಅದನ್ನು ಮತ್ತೆ ನನಗೆ ಹೇಳಬೇಕಿತ್ತು. ನನ್ನ ಉತ್ತರವನ್ನು ಹಾಗೆಯೇ ಒಳಗೆ ದಾಟಿಸಬೇಕಿತ್ತು. ಅರ್ಧ ಗಂಟೆಗೆ ಅವಳಿಗೆ ಸಾಕಾಯಿತು. ನಿಮ್ಮಿಬ್ಬರ ನಡುವೆ ನಾನೇನು ಟೆಲಿಫೋನೇ ಎಂದು ಎದ್ದು ಬಟ್ಟೆ ಒಗೆಯಲು ಹೋದಳು. ಆಮೇಲೆ ಅತ್ತೆ ಅಡುಗೆಮನೆಯ ಒರಳುಕಲ್ಲನ್ನು ಉದ್ದೇಶಿಸಿ ಮಾತಾಡತೊಡಗಿದರು. ಅಳಿಯಂದಿರು ಹೀಗೆ ಆಡಬೇಕಿತ್ತು ಕಣೇ, ಆ ಎಂಟನ್ನು ಇಟ್ಟುಕೊಂಡು ಏನು ಮಾಡುತ್ತಾರಂತೆ, ಎಂದು. ಮುಂದೆ ಇಪ್ಪತ್ತು ವರ್ಷ ನಾನು ಕಲಿತದ್ದೆಲ್ಲ ಒರಳುಕಲ್ಲಿಗೆ ಹೇಳಿದ ಪಾಠವೇ.

ಮೊದಲ ಪಾಠ ಅರ್ಧದ ಮೋಸ. ಅತ್ತೆ ಬಾಗಿಲ ಸಂದಿಯಿಂದ ಒಂದು ಮೊರ ತುಂಬ ಹುಣಸೆ ಬೀಜ ತಳ್ಳಿದರು. ಆರು ಜನ ಒಂದೊಂದು ಇಟ್ಟರು, ಆರಾಯಿತು. ನಾಲ್ವರು ಪ್ಯಾಕ್ ಆದರು. ಉಳಿದಿಬ್ಬರು ಇನ್ನೂ ಐದೈದು ಇಟ್ಟರು. ಒಟ್ಟು ಹದಿನಾರು. ನಿನಗೆ ಅರ್ಧ ಬಂತು, ಎಂಟು. ನೀನು ಹಾಕಿದ್ದೆಷ್ಟು, ಆರು. ಅಂದರೆ ಇಷ್ಟೆಲ್ಲ ಕೂಗಾಡಿ ಗೆದ್ದದ್ದು ಎರಡು. ಅದೇ ಸೋತಿದ್ದರೆ ಆರೂ ಹೋಗುತ್ತಿತ್ತು. ಮೂರು ಸಲ ಅರ್ಧ ಗೆದ್ದದ್ದನ್ನು ಒಂದೇ ಸಲ ಸೋತು ಕಳೆಯುತ್ತೀಯ. ಬೀಜ ಎಣಿಸಿ ನೋಡಿದೆ, ಹೌದು. ನನ್ನ ಮದುವೆಯ ದಿನ ಚೀಲ ಕರಗಿದ ಗುಟ್ಟು ಆ ಮೊರದಲ್ಲಿತ್ತು.

ಎರಡನೆಯದು ಇನ್ನೂ ಬೆರಗಿನದು. ಮೂವರು ಉಳಿದಿದ್ದಾರೆ, ಇಪ್ಪತ್ತೊಂದು ಕಾಯಿ. ಒಂದನ್ನು ಒಡೆದು ಹಂಚಿದರು, ಇಪ್ಪತ್ತು. ಒಬ್ಬ ದೊಡ್ಡದಕ್ಕೆ ಹತ್ತು ಒಯ್ದ. ಸಣ್ಣದಕ್ಕೆ ನೀನು, ಇನ್ನೊಬ್ಬ, ಇಬ್ಬರದೂ ಒಂದೇ ಸಮದ ಎಲೆ. ಐದೈದು ಹಂಚಿಕೊಂಡಿರಿ. ಹಾಕಿದ್ದು ಆರು, ಬಂದದ್ದು ಐದು. ಗೆದ್ದೂ ಒಂದು ಕಾಯಿ ನಷ್ಟ. ಗೆದ್ದವನು ಸೋಲುವ ಆಟ ಜಗತ್ತಿನಲ್ಲಿ ಇದೊಂದೇ ಇರಬೇಕು ಅನ್ನಿಸಿತು.

ಹಾಗಾದರೆ ಆಡುವುದು ಯಾವಾಗ ಎಂದು ಬಾಗಿಲಿಗೆ ಕೇಳಿದೆ. ಎರಡು ಕಡೆಗೂ ನಡೆಯುವ ಎಲೆ ಬಂದಾಗ, ಎಂದಿತು ಬಾಗಿಲು. ಎಕ್ಕ, ಎರಡು, ಮೂರು ಬಂದರೆ ಅದಕ್ಕಿಂತ ಸಣ್ಣದಿಲ್ಲ, ಸಾಲೂ ಆದದ್ದರಿಂದ ದೊಡ್ಡದರಲ್ಲೂ ಅದನ್ನು ಹೊಡೆಯುವವರು ಅಪರೂಪ. ಸಣ್ಣ ಎಲೆಗಳ ಯಾವ ಸಾಲಾದರೂ ಸರಿ, ಸಣ್ಣ ಎಲೆಗಳು ಒಂದೇ ಕಲರಿನಲ್ಲಿ ಬಂದರೂ ಸರಿ. ಇಡೀ ರಾಶಿ ಒಂದು ಸಲ ಬಂದರೆ ಹತ್ತು ಕಾಯಿ ಲಾಭ. ಅದಕ್ಕಾಗಿ ಹತ್ತು ಆಟ ಪ್ಯಾಕ್ ಮಾಡಿ ಕೂತರೂ ಹೋಗುವುದು ಹತ್ತೇ ಕಾಯಿ. ಇನ್ನೊಂದು ಹೊತ್ತೂ ಇದೆ. ಉಳಿದವರೆಲ್ಲ ದೊಡ್ಡದಕ್ಕೆ ಕಿತ್ತಾಡುತ್ತಿದ್ದಾರೆ, ಸಣ್ಣದಕ್ಕೆ ನೀನೊಬ್ಬನೇ ಎಂದು ಖಾತ್ರಿಯಾದರೆ ಎರಡೆರಡು ಇಡು. ಅವರು ಮೂವರು ಹೊಡೆದಾಡಲಿ, ಅರ್ಧ ಹೇಗೂ ನಿನ್ನದು. ಕೂರುವಾಗ ಬಾಯಿಬಡುಕನ ಮುಂದೆ ಕೂರಬೇಡ, ಅವನಾದ ಮೇಲೆ ನಿನ್ನ ಸರದಿ ಬರುವಂತೆ ಕೂರು. ಅವನ ಬಾಯಿಂದಲೇ ಅವನ ಎಲೆ ತಿಳಿಯುತ್ತದೆ.

ನನ್ನ ಕೋಪಕ್ಕೂ ಒಂದು ಮದ್ದು ಹೇಳಿದ್ದರು. ಕೆಟ್ಟ ಎಲೆಯವನು ಅದೃಷ್ಟದಿಂದ ಹೊಡೆದುಕೊಂಡು ಹೋದಾಗ, ಮೈ ಉರಿದಾಗ, ಮುಂದಿನ ಎರಡು ಆಟ ಎಲೆ ಎತ್ತಿಯೂ ನೋಡದೆ ಪ್ಯಾಕ್ ಮಾಡುವುದು. ಎರಡು ಕಾಯಿ ಹೋದರೆ ಹೋಗಲಿ, ಅದು ಕೋಪದ ಕೂಲಿ ಎಂದುಕೊಳ್ಳುವುದು. ಇದನ್ನು ನಾನು ಹೋಟೆಲಿನಲ್ಲೂ ಹಿಡಿದುಕೊಂಡೆ. ಗಿರಾಕಿಯೊಬ್ಬ ತಗಾದೆ ತೆಗೆದಾಗ ಒಳಗೆ ಹೋಗಿ ಎರಡು ತಟ್ಟೆ ಇಡ್ಲಿ ಹುಯ್ದು ಬರುತ್ತಿದ್ದೆ. ಎಷ್ಟು ಜಗಳ ತಪ್ಪಿದವೋ ಲೆಕ್ಕವಿಲ್ಲ.

ಮದುವೆಗಳ ಕಾಲ ಬಂತು. ಕಾಮಗೆರೆಯಲ್ಲೊಂದು, ಯಳಂದೂರಿನಲ್ಲೆರಡು, ಕೊಳ್ಳೇಗಾಲದ ಛತ್ರದಲ್ಲೊಂದು, ನೆಂಟರ ಮದುವೆ ತಪ್ಪಿಸದೆ ಹೋದೆ. ಜಮಖಾನದ ಮೇಲೆ ಕೂತು ಪ್ಯಾಕ್, ಪ್ಯಾಕ್ ಅನ್ನುತ್ತಲೇ ಇದ್ದೆ. ಹನೂರಿನ ಇಡ್ಲಿಯವನಿಗೆ ಧೈರ್ಯ ಸಾಲದು ಎಂದು ಗೇಲಿ ಮಾಡಿದರು. ಗೇಲಿ ಮಾಡುತ್ತಲೇ ನನ್ನನ್ನು ಮರೆತರು. ಒಂದು ಮಧ್ಯಾಹ್ನದಲ್ಲಿ ಎರಡೋ ಮೂರೋ ಆಟ ಆಡುತ್ತಿದ್ದೆ. ಸಂಜೆ ಬಸ್ಸಿಗೆ ಹೊರಡುವಾಗ ಅರ್ಧ ಮೂಟೆ ಕಾಯಿ ಇರುತ್ತಿತ್ತು. ಕಂಡಕ್ಟರು ಮೂಟೆಗೆ ಲಗೇಜು ಹಾಕುತ್ತೇನೆಂದು ಜಗಳವಾಡಿದ್ದೂ ಉಂಟು.

ಆ ಕಾಯೆಲ್ಲ ನನ್ನ ಹೋಟೆಲಿನ ಚಟ್ನಿಗೆ. ಅಕ್ಕಪಕ್ಕದ ಹೋಟೆಲುಗಳಲ್ಲಿ ಕಡಲೆ ತುಂಬಿಸಿ ನೀರು ಮಾಡುತ್ತಿದ್ದ ಕಾಲದಲ್ಲಿ ನನ್ನ ಚಟ್ನಿ ತಟ್ಟೆಯಲ್ಲಿ ಹರಿಯದೆ ನಿಲ್ಲುತ್ತಿತ್ತು. ಬೆಟ್ಟಕ್ಕೆ ಹೋಗುವ ಬಸ್ಸಿನವರು, ತಮಿಳು ಮಾತಾಡುವ ಲಾರಿಯವರು, ಸಂತೆಗೆ ಬಂದವರು, ಎಲ್ಲ ಚಟ್ನಿಗಾಗಿಯೇ ಇಡ್ಲಿ ತಿನ್ನುತ್ತಿದ್ದರು. ಮೊದಲ ಎರಡು ವರ್ಷ ಹೋಟೆಲು ಮುಚ್ಚದೆ ಉಳಿದದ್ದು ಆ ಚಟ್ನಿಯಿಂದ. ನೆಂಟರು ನನಗೆ ಚಟ್ನಿ ಅಳಿಯ ಎಂದು ಹೆಸರಿಟ್ಟರು. ಹೆಸರು ಅತ್ತೆಯ ಕಿವಿಗೆ ಬಿದ್ದಾಗ ಬಾಗಿಲ ಹಿಂದೆ ಬಳೆ ಸದ್ದಾಗುವಷ್ಟು ನಕ್ಕರು ಎಂದು ಹೆಂಡತಿ ಹೇಳಿದಳು.

ಅವರ ಋಣ ತೀರಿಸಬೇಕು ಅನ್ನುವ ಆಸೆಯಲ್ಲಿ ನಾನೊಂದು ತಪ್ಪು ಮಾಡಿದೆ. ಬಾಮೈದನ ಮದುವೆ, ಯಳಂದೂರಿನ ಬೀಗರು. ಜಮಖಾನ ಹಾಸಿದಾಗ ಎಲ್ಲರೆದುರು ನಾನು, ನಮ್ಮ ಕಡೆಯಿಂದ ಇವತ್ತು ಅತ್ತೆ ಕೂರಲಿ, ಅವರು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಾರೆ ಎಂದುಬಿಟ್ಟೆ. ಮೊದಲು ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಹೆಗಲ ಟವಲು ಕೊಡವಿ, ಹೆಂಗಸರು ಎಲೆ ಹಿಡಿಯುವ ಮನೆ ನಮ್ಮದಲ್ಲ ಎಂದು ಎದ್ದುಹೋದರು. ಅದಕ್ಕಿಂತ ಕೆಟ್ಟದ್ದು, ಉಪ್ಪಿನ ಮಡಕೆಯ ಹಿಂದಿನ ಕಟ್ಟು ಮಾರನೇ ದಿನ ಒಲೆಗೆ ಹೋಯಿತು. ಅದನ್ನು ಹಾಕಿದ್ದು ಅತ್ತೆಯೇ. ಯುಗಾದಿಯವರೆಗೆ ಬಾಗಿಲ ಮರೆಯಿಂದ ನನಗೆ ಒಂದು ಮಾತೂ ಬರಲಿಲ್ಲ, ಒರಳುಕಲ್ಲಿಗೂ ಇಲ್ಲ. ಅವರನ್ನು ಕೇಳದೆ ಅವರ ಆಸೆಯನ್ನು ಬಯಲಿಗೆಳೆದಿದ್ದೆ. ಯುಗಾದಿಗೆ ಹೋದಾಗ ಹೊಸ ಕಟ್ಟು ಎಲೆ ತಂದು ಹೊಸ್ತಿಲ ಮೇಲಿಟ್ಟು, ತಪ್ಪಾಯಿತು ಎಂದು ಬಾಗಿಲಿಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಒಂದು ಕೈ ಹೊರಬಂದು ಕಟ್ಟನ್ನು ಒಳಗೆ ತೆಗೆದುಕೊಂಡಿತು. ಮತ್ತೆ ಪಾಠ ಶುರುವಾಯಿತು.

ವರ್ಷಗಳು ಉರುಳಿದವು. ಮಾವ ತೀರಿಕೊಂಡರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಕಹಿಯಿಲ್ಲ. ಅವರು ಹೋದ ಮೇಲೆ ಅತ್ತೆಯನ್ನು ಬೇಡ ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಈಗ ಬೇರೊಂದು ಅಡ್ಡಿ. ಗಂಡ ಸತ್ತವರಿಗೆ ಮದುವೆಯಲ್ಲಿ ತಾಂಬೂಲ ಕೊಡುವುದಿಲ್ಲ. ತಾಂಬೂಲವಿಲ್ಲದಿದ್ದರೆ ಕಾಯಿಲ್ಲ, ಕಾಯಿಲ್ಲದವರು ಜಮಖಾನದ ಮೇಲೆ ಕೂರುವಂತಿಲ್ಲ. ಮುತ್ತೈದೆಯಾಗಿದ್ದಾಗ ಕಾಯಿ ಇತ್ತು, ಜಾಗ ಇರಲಿಲ್ಲ. ಈಗ ಜಾಗ ಕೊಟ್ಟರೂ ಕಾಯಿಲ್ಲ. ಇನ್ನು ಆ ಮಾತು ಎತ್ತಬೇಡಿ ಎಂದು ಮಗಳ ಕೈಲಿ ಹೇಳಿಸಿದರು. ನಾನು ಎತ್ತಲಿಲ್ಲ. ಆದರೆ ನನ್ನ ಮಗಳು ದೊಡ್ಡವಳಾಗುತ್ತಿದ್ದಳು, ಅವಳಿಗೆ ಎಲ್ಲ ಗೊತ್ತಿತ್ತು.

ಮಗಳ ಮದುವೆ ಆದದ್ದು ಎರಡು ಸಾವಿರದ ಮೂರರಲ್ಲಿ, ಕೊಳ್ಳೇಗಾಲದ ಛತ್ರದಲ್ಲಿ. ಬೀಗರು ಕಾಮಗೆರೆಯವರು. ಈ ಸಲ ನಾನು ತಪ್ಪು ಮಾಡಲಿಲ್ಲ. ಮೊದಲೇ ಹೊನ್ನೂರಿಗೆ ಹೋಗಿ ಹೊಸ್ತಿಲಾಚೆ ಕೂತು ಬಾಗಿಲನ್ನು ಕೇಳಿದೆ, ನಿಮಗೆ ಇಷ್ಟವಿದ್ದರೆ ಮಾತ್ರ ಎಂದೆ. ಅವರು ಒರಳುಕಲ್ಲಿಗೆ, ಕಾಯಿ ಯಾರು ಕೊಟ್ಟಾರು, ಎಂದರು. ಬೇಡ ಅನ್ನಲಿಲ್ಲ. ಅಷ್ಟು ಸಾಕಾಗಿತ್ತು.

ಬೀಗರೂಟದ ದಿನ ಊಟದ ಎಲೆ ಎತ್ತಿದ ಮೇಲೆ ಮಗಳು ಮೊದಲ ತಾಂಬೂಲವನ್ನು ಅಜ್ಜಿಯ ಕೈಗೆ ಕೊಟ್ಟಳು. ಛತ್ರದಲ್ಲಿ ಒಂದು ಗುಜುಗುಜು ಎದ್ದಿತು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು. ನೀವು ಈಸ್ಕೊಳ್ಳುವವರೆಗೂ ನಾನು ಗಂಡನ ಮನೆ ಬಸ್ಸು ಹತ್ತುವುದಿಲ್ಲ ಎಂದಳು ಮಗಳು. ನನ್ನದೇ ಕೋಪ, ನನ್ನದೇ ಮೂಗು. ಅತ್ತೆ ಈಸಿಕೊಂಡರು. ಆಮೇಲೆ ನನ್ನ ಹೆಂಡತಿ ತನ್ನ ತಾಂಬೂಲದ ಕಾಯನ್ನು ತಾಯಿಯ ಚೀಲಕ್ಕೆ ಹಾಕಿದಳು. ಬಾಮೈದನ ಹೆಂಡತಿ ಹಾಕಿದಳು. ಹೊನ್ನೂರಿನಿಂದ ಬಂದ ಹೆಂಗಸರು ಒಬ್ಬೊಬ್ಬರಾಗಿ ಹಾಕಿದರು. ಕೊನೆಗೆ ಬೀಗಿತ್ತಿಯೂ, ಏನು ಎತ್ತ ಎಂದು ಪಕ್ಕದವಳನ್ನು ಕೇಳಿ ತಿಳಿದುಕೊಂಡು, ತಮ್ಮದನ್ನು ತಂದು ಹಾಕಿದರು. ಚೀಲ ಎತ್ತಲು ಇಬ್ಬರು ಬೇಕಾದರು.

ಬೀಗರ ಹಿರಿಯಣ್ಣ ಸ್ವಲ್ಪ ಗೊಣಗಿದರು. ಕಾಯಿ ಇದ್ದವರು ಕೂರಬಹುದು ಅನ್ನುವುದು ಕಟ್ಟಲೆ, ಗಂಡಸರೇ ಕೂರಬೇಕು ಎಂದು ಯಾರೂ ಹೇಳಿದ್ದಿಲ್ಲ ಎಂದು ನಾನು ಕೈಮುಗಿದೆ. ಅವರು ಮೀಸೆ ನೀವಿಕೊಂಡು ಜರುಗಿ ಜಾಗ ಬಿಟ್ಟರು.

ಅತ್ತೆ ಬಂದು ಕೂತರು. ಸೆರಗನ್ನು ಹಣೆವರೆಗೆ ಎಳೆದುಕೊಂಡು, ನನಗೆ ಎದುರಾಗದಂತೆ ಸ್ವಲ್ಪ ವಾರೆಯಾಗಿ. ನಾನೂ ಸೇರಿ ಒಟ್ಟು ಆರು ಜನ. ಎಲೆ ಹಂಚಿದಾಗ ಅವರು ತಕ್ಷಣ ಎತ್ತಲಿಲ್ಲ. ಮೂರನ್ನೂ ಒಂದರ ಮೇಲೊಂದು ಜೋಡಿಸಿ, ಅಂಗೈಯಿಂದ ಮುಚ್ಚಿ, ಒಂದು ಗಳಿಗೆ ಹಾಗೇ ಇದ್ದರು. ಆಮೇಲೆ ನೋಡಿ, ಪ್ಯಾಕ್ ಎಂದರು. ಮುಂದಿನದಕ್ಕೂ ಪ್ಯಾಕ್. ಅದರ ಮುಂದಿನದಕ್ಕೂ. ಆರು ಆಟ ಹೀಗೇ ಹೋಯಿತು. ಬೀಗರು ಕಣ್ಣಲ್ಲೇ ನಗುತ್ತಿದ್ದರು. ನನಗೆ ಮಾತ್ರ ಗೊತ್ತು, ಜಮಖಾನದ ಮೇಲೆ ಸರಿಯಾಗಿ ಆಡುತ್ತಿದ್ದವರು ಅವರೊಬ್ಬರೇ.

ಏಳನೇ ಆಟಕ್ಕೆ ಅತ್ತೆ ಕಾಯಿ ಇಟ್ಟರು. ಸುತ್ತು ಬಂದಾಗ ಎರಡು ಇಟ್ಟರು. ಒಬ್ಬೊಬ್ಬರೇ ಪ್ಯಾಕ್ ಆದರು. ಕೊನೆಗೆ ಉಳಿದದ್ದು ಅವರು, ನಾನು. ನನ್ನ ಕೈಯಲ್ಲಿ ಎಕ್ಕ, ಎರಡು, ಮೂರು. ಇಡೀ ರಾಶಿ ಹೆಚ್ಚುಕಡಿಮೆ ನನ್ನದೇ ಎಂದು ನನಗೆ ಗೊತ್ತು. ಅವರ ಕಡೆ ನೋಡಿದೆ. ಎಲೆಗಳನ್ನು ಎದೆಗೆ ಒತ್ತಿ ಹಿಡಿದಿದ್ದರು. ಇಷ್ಟು ವರ್ಷ ಕಾದವರು, ಮೊದಲ ಆಟವಾದರೂ ಗೆಲ್ಲಲಿ ಅನ್ನಿಸಿತು. ನನ್ನ ಹೋಟೆಲು, ನನ್ನ ಚಟ್ನಿ, ಈ ಮದುವೆ, ಎಲ್ಲ ಇವರದೇ ಅಲ್ಲವೇ ಎಂದು ಮನಸ್ಸು ತುಂಬಿ ಬಂತು. ಪ್ಯಾಕ್ ಎಂದು ಎಲೆ ಮಗುಚಿಟ್ಟೆ. ಹಿಂದೆ ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು. ರಾಶಿಯೆಲ್ಲ ಅತ್ತೆಯದಾಯಿತು.

ಅತ್ತೆ ರಾಶಿಯನ್ನು ಮುಟ್ಟಲಿಲ್ಲ. ನನ್ನ ಎಲೆಯನ್ನೇ ನೋಡುತ್ತಿದ್ದರು. ಪ್ಯಾಕ್ ಮಾಡಿದವರ ಎಲೆ ಮುಟ್ಟಬಾರದು, ಅದು ಆಟದ ಮೊದಲ ನಿಯಮ, ನನಗೆ ಅದನ್ನು ಕಲಿಸಿದವರೂ ಅವರೇ. ಆದರೂ ಕೈ ಚಾಚಿ ಮೂರನ್ನೂ ಅಂಗಾತ ಮಾಡಿದರು. ಎಕ್ಕ, ಎರಡು, ಮೂರು. ಚಪ್ಪಾಳೆ ನಿಂತುಹೋಯಿತು.

ಸೆರಗು ಹಿಂದಕ್ಕೆ ಜಾರಿತು. ಅವರು ಸರಿಮಾಡಿಕೊಳ್ಳಲಿಲ್ಲ. ನನ್ನ ಕಡೆಗೆ ಪೂರ್ತಿ ತಿರುಗಿ, ಮುಖಕ್ಕೆ ಮುಖ ಕೊಟ್ಟು, ಮೊದಲ ಸಲ ನನ್ನ ಜೊತೆ ಮಾತಾಡಿದರು.

"ನಾನು ಬಂದದ್ದು ಆಟುಕ್ಕೆ ಕಣ್ರಿ, ದಾನುಕ್ಕಲ್ಲ. ನನ್ನ ಎಳೇ ಮಗು ಅನ್ಕಂಡ್ರಾ?"

ಕಣ್ಣು ಕೆಂಪಾಗಿತ್ತು. ಅವರು ಎರಡು ಕೈಯಿಂದ ರಾಶಿಯನ್ನು ಮತ್ತೆ ಜಮಖಾನದ ನಡುವಿಗೆ ನೂಕಿ, ನಮ್ಮಿಬ್ಬರಿಗೇ ಇನ್ನೊಂದು ಸಲ ಹಂಚಿ ಎಂದು ಬೀಗರ ಹಿರಿಯಣ್ಣನಿಗೆ ಹೇಳಿದರು. ಅವರು ಎದುರು ಮಾತಾಡದೆ ಎಲೆ ಕಲಸಿದರು.

ನನಗೆ ಮೂರು, ನಾಲ್ಕು, ಐದು ಬಂತು. ಸಣ್ಣ ಸಾಲು, ಎರಡು ಕಡೆಗೂ ನಡೆಯುವ ಕೈ. ಅತ್ತೆ ತಮ್ಮ ಎಲೆ ನೋಡಿ ಎರಡು ಕಾಯಿ ಇಟ್ಟರು. ನಾನು ಹಿಂಜರಿದೆ. "ಆಡಿ," ಎಂದರು. ಎರಡು ಇಟ್ಟೆ. ಅವರು ಮತ್ತೆರಡು ಇಟ್ಟರು, ನಾನೂ ಇಟ್ಟೆ. ತಮ್ಮ ಚೀಲದ ತಳ ಕಾಣುವವರೆಗೆ ಅವರು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಕೊನೆಯ ಕಾಯಿ ಇಟ್ಟು ಅವರು ಎಲೆ ತೋರಿಸಿದರು. ಎರಡು, ಮೂರು, ಆರು, ಮೂರೂ ಆಟೀನು. ಒಂದೇ ಕಲರ್, ಸಣ್ಣದೂ ಹೌದು. ಅವರು ಇಟ್ಟ ಒಂದು ಕಾಯೂ ತಪ್ಪಾಗಿರಲಿಲ್ಲ. ನಾನು ನನ್ನದನ್ನು ತೋರಿಸಿದೆ. ಕಲರಿಗಿಂತ ಸಾಲು ದೊಡ್ಡದು, ಆರಕ್ಕಿಂತ ಐದು ಸಣ್ಣದು. ಎರಡು ಪಾಲೂ ನನ್ನದು.

ಹಿಂದಿನಿಂದ ಯಾರೋ ಛೆ ಎಂದರು. ಹೆಂಡತಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು, ಮಗಳ ಮುಖ ಬಾಡಿತ್ತು. ಅಷ್ಟು ಹೆಂಗಸರು ತಂದು ಸುರಿದ ಕಾಯಿ, ಒಂದೂ ಉಳಿಯದೆ ಹೋಗಿತ್ತು.

ಅತ್ತೆ ಬಾಗಿ ನನ್ನ ಮೂರೆಲೆಯನ್ನು ಹತ್ತಿರದಿಂದ ನೋಡಿದರು, ತಮ್ಮದನ್ನು ನೋಡಿದರು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ಮೈಯೆಲ್ಲ ಅಲ್ಲಾಡುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಈಗ ಆಡ್ದಂಗಾಯ್ತು ಅಳಿಯಂದ್ರೇ," ಎಂದರು.

ನನ್ನ ಕಣ್ಣೂ ಮಂಜಾಗಿತ್ತು. ಜಮಖಾನದ ಮೇಲೆ ಮೊಣಕಾಲೂರಿ ರಾಶಿಯನ್ನೆಲ್ಲ ನನ್ನ ಕಡೆಗೆ ಎಳೆದುಕೊಂಡೆ. ಒಂದು ಕಾಯನ್ನೂ ಅವರಿಗೆ ವಾಪಸ್ಸು ಕೊಡಲಿಲ್ಲ.